ನಾಲ್ಕು ಎಂದಷ್ಟೇ ಬರೆದ ಚೀಟಿ

ಏಕಾದಶಿಗೆಂದು ಸಾಬಕ್ಕಿಯನ್ನು ಪಾತ್ರೆಗೆ ಸುರಿದು, ನೆನೆಹಾಕಲು ನೀರಿನ ತಂಬಿಗೆ ಎತ್ತಿದವಳು ಹಾಗೆಯೇ ನಿಂತುಬಿಟ್ಟೆ. ಬಿಳಿ, ದುಂಡನೆಯ, ಒಣ ಕಾಳುಗಳು. ಕಾಸ್ಟಿಕ್ ಸೋಡಾ ಕೂಡ ನೋಡಲು ಹೀಗೆಯೇ ಇರುತ್ತದೆ. ನೀರು ಹಾಕಲು ಕೈ ಬರಲಿಲ್ಲ...

ಎಷ್ಟೋ ವರ್ಷಗಳ ಹಿಂದಿನ ಮಾತು. ಮುಂಬೈಯ ಬೊರಿವಲಿಯ ಒಂದು ಜೂನಿಯರ್ ಕಾಲೇಜಿನಲ್ಲಿ ನಾನು ಆಗಷ್ಟೇ ರಸಾಯನಶಾಸ್ತ್ರ ಕಲಿಸಲು ಸೇರಿದ್ದೆ. ನೌಕರಿ ಕಾಯಂ ಆಗಿರಲಿಲ್ಲ. ಲ್ಯಾಬಿನ ಅಟೆಂಡರನ್ನು ಎಲ್ಲರೂ ಮಾಮಾ ಎನ್ನುತ್ತಿದ್ದರು; ವಿಜಯಪುರದ ಕಡೆಯವರು. ನಾವು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ತೂಗಿ, ನೀರಿನಲ್ಲಿ ಕರಗಿಸಿಡುವುದು ಅವರ ಕೆಲಸ. ನನ್ನ ಅಪ್ಪ ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು ಎಂದು ತಿಳಿದ ಮೇಲೆ ನನ್ನೊಡನೆ ಕನ್ನಡದಲ್ಲೇ ಮಾತು.

“ಹುಡುಗ್ರು ಮೋಲ್ ಮೋಲ್ ಅಂತ ಬಡಕೋತಾವ. ಏನ್ರೀ ಮೇಡಂ ಅದು?” ಎಂದು ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾ ಕೇಳಿದರು.

ಡಜನ್ ಇದ್ದ ಹಾಗೆ, ಅದೊಂದು ಎಣಿಕೆ ಎಂದೆ. ಒಂದು ಡಜನ್ ನಿಂಬೆಹಣ್ಣು, ಒಂದು ಡಜನ್ ತೆಂಗಿನಕಾಯಿ: ಎಣಿಕೆ ಒಂದೇ, ತೂಕ ಬೇರೆ. ಹಾಗೆಯೇ ಒಂದು ಮೋಲ್ ಉಪ್ಪು ಐವತ್ತೆಂಟೂವರೆ ಗ್ರಾಂ, ಒಂದು ಮೋಲ್ ಕಾಸ್ಟಿಕ್ ಸೋಡಾ ನಲವತ್ತು ಗ್ರಾಂ. ಮೋಲ್‌ನಿಂದ ಗ್ರಾಂಗೆ ಬರಲು ಗುಣಿಸಬೇಕು, ಗ್ರಾಂನಿಂದ ಮೋಲ್‌ಗೆ ಹೋಗಲು ಭಾಗಿಸಬೇಕು.

“ಹಂಗಾರ ನಿಮ್ಮಪ್ಪಾರು ಸಾಂಬಾರಿಗೆ ಎಷ್ಟ ಮೋಲ್ ಉಪ್ಪ ಹಾಕ್ತಿದ್ರು?” ಎಂದು ನಕ್ಕರು.

ಮರುದಿನ ಪ್ರತಿ ಬಾಟಲಿಯ ಮೇಲೂ ಒಂದು ಮೋಲ್‌ನ ತೂಕ ಬರೆದು ಅಂಟಿಸಿದ್ದರು. “ಇನ್ನ ಮ್ಯಾಲ ನೀವು ಮೋಲ್ ಬರೀರಿ ಸಾಕು. ಗ್ರಾಂ ನಾ ಮಾಡ್ಕೋತೀನಿ.” ನಾನು ಆಟದಂತೆ ಹಾಗೆಯೇ, ಬರೀ ಮೋಲ್‌ನ ಅಂಕೆ ಬರೆಯತೊಡಗಿದೆ. ಒಂದು ಸಲವೂ ಅವರ ಲೆಕ್ಕ ತಪ್ಪಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ನಾನು ಬಂದ ಲೋಕಲ್ ರೈಲು ತಡವಾಗಿತ್ತು. ಓಡಿಬಂದವಳೇ ಚೀಟಿ ಬರೆದೆ. ಕಾಸ್ಟಿಕ್ ಸೋಡಾ, 4. ಕೆಳಗೆ ಸಹಿ. ಆ ಅವಸರದಲ್ಲಿ ನನ್ನ ತಲೆಯಲ್ಲಿದ್ದದ್ದು ನಾಲ್ಕು ಗ್ರಾಂ. ಗ್ರಾಂ ಎಂದು ನಾನು ಬರೆಯಲಿಲ್ಲ.

ಮಾಮಾ ಅದನ್ನು ನಾಲ್ಕು ಮೋಲ್ ಎಂದು ಓದಿಕೊಂಡರು. ನೂರ ಅರವತ್ತು ಗ್ರಾಂ ತೂಗಿದರು. ಎಂದಿನಂತೆ ಮೇಲಿಂದ ಸ್ವಲ್ಪ ನೀರು ಸುರಿದು, ಕಲಕಲು ಬಾಗಿದರು. ನಾಲ್ಕು ಗ್ರಾಂ ಆಗಿದ್ದರೆ ಗಾಜು ಬೆಚ್ಚಗಾಗುತ್ತಿತ್ತು, ಅಷ್ಟೇ. ನಾನು ಬಾಗಿಲಲ್ಲಿದ್ದೆ. ಬೀಕರ್ ಕುದಿದು ಅವರ ಮುಖಕ್ಕೆ ಚಿಮ್ಮಿತು. ಎಡಗಣ್ಣಿಗೆ.

ಅವರ ತಲೆಯನ್ನು ನಲ್ಲಿಯ ಕೆಳಗೆ ಹಿಡಿದುಕೊಂಡಿದ್ದೆ. ನೀರು ಬೀಳುತ್ತಲೇ ಇತ್ತು.

“ನಾಕ ನಲವತ್ಲೆ ನೂರಾ ಅರವತ್ತು... ಲೆಕ್ಕ ಬರೋಬರಿ ಐತಲ್ರೀ, ಮೇಡಂ?”

“ಬರೋಬರಿ ಉಂಟು, ಮಾಮಾ,” ಎಂದೆ.

ಕಣ್ಣು ಉಳಿಯಲಿಲ್ಲ. ವಿಚಾರಣೆಯಲ್ಲಿ ಪ್ರಿನ್ಸಿಪಾಲರು ಚೀಟಿ ಎಲ್ಲಿ ಎಂದು ಕೇಳಿದರು. ಕಳೆದುಹೋಯಿತು, ತಪ್ಪು ನನ್ನದೇ, ಹೆಚ್ಚು ತೂಗಿಬಿಟ್ಟೆ ಎಂದು ಮಾಮಾ ಮರಾಠಿಯಲ್ಲಿ ಹೇಳಿದರು. ನನ್ನ ಕಡೆ ನೋಡಲಿಲ್ಲ. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ. ಅವರನ್ನು ಕೆಲಸದಿಂದ ಬಿಡಿಸಿದರು. ಮುಂದಿನ ವರ್ಷ ನನ್ನ ನೌಕರಿ ಕಾಯಂ ಆಯಿತು.

ಕಳೆದ ವಾರ ಅವರ ಮಗಳು ಅಂಧೇರಿಯ ನಮ್ಮ ಮನೆ ಹುಡುಕಿಕೊಂಡು ಬಂದಳು. ಮಾಮಾ ತೀರಿಕೊಂಡು ತಿಂಗಳಾಗಿದೆ ಎಂದಳು. ಪರ್ಸಿನಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟಳು. ಮಡಿಕೆಗಳಲ್ಲಿ ಹರಿದಿತ್ತು, ಅಕ್ಷರ ಮಾಸಿರಲಿಲ್ಲ. ಕಳೆದುಹೋಗಿರಲೂ ಇಲ್ಲ.

“ಪಪ್ಪಾನ ಪಾಕೀಟ್‌ದಾಗ ಇತ್ತು, ಆಂಟಿ. ಯೇ ಸೈನ್ ಆಪ್‌ಕಾ ಹೈ ನಾ?” ನನ್ನ ಸಹಿಯಿಂದ ಬೆರಳು ಸರಿಸಿ ಅಂಕೆಯ ಮೇಲಿಟ್ಟಳು. “ನಾಲ್ಕು... ನಾಲ್ಕು ಕ್ಯಾ?”

ನಾಲ್ಕು ಏನು? ಅಂದು ಯಾರೂ ಕೇಳದಿದ್ದ ಪ್ರಶ್ನೆ.

“ಗ್ರಾಂ,” ಎಂದೆ. ಆಮೇಲೆ ಉಳಿದದ್ದನ್ನೆಲ್ಲ ಹೇಳಿದೆ, ಇಲ್ಲಿ ಬರೆದ ಕ್ರಮದಲ್ಲೇ. ಅವಳು ಚೀಟಿಯನ್ನು ಹಳೆಯ ಮಡಿಕೆಗಳಲ್ಲೇ ಮಡಚಿ ಪರ್ಸಿಗೆ ಹಾಕಿಕೊಂಡು, ಚಹಾ ಮುಟ್ಟದೆ ಎದ್ದುಹೋದಳು.

ತಂಬಿಗೆ ಕೆಳಗಿಟ್ಟಿದ್ದೇನೆ. ಸಾಬಕ್ಕಿ ಇನ್ನೂ ಒಣಗಿಯೇ ಇದೆ.