ಡಾಕ್ಟರಮ್ಮನ ಮೇಲಿದ್ದ ಅನುಮಾನ

ಮೊನ್ನೆ ಮೆಡಿಕಲ್ ಶಾಪಿನವನು ಯಾರಿಗೋ ಕ್ರೇಪ್ ಬ್ಯಾಂಡೇಜಿನ ಸುರುಳಿ ಬಿಡಿಸಿ ತೋರಿಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ಮೂಡಿಗೆರೆಯ ಡಾಕ್ಟರಮ್ಮ ನೆನಪಾದರು...

ತೊಂಬತ್ತರ ದಶಕದ ಕೊನೆ. ಮನೆಯವರ ಪಾಲಿಗೆ ನಾನು ಮದುವೆಗೆ ಬಂದ ಹುಡುಗಿ. ನನ್ನ ಪಾಲಿಗೆ ಗಂಡಸು. ಉಳುಕಿದ ಕಾಲಿಗೆ ಕಟ್ಟುವ ಬ್ಯಾಂಡೇಜನ್ನು ಎದೆಗೆ ಬಿಗಿದು, ಮೇಲೊಂದು ದೊಗಲೆ ಅಂಗಿ ತೊಡುತ್ತಿದ್ದೆ. ನಮ್ಮ ಕಡೆ ಆಷಾಢದಲ್ಲಿ ಒಗೆದದ್ದು ಒಣಗುವುದುಂಟೇ? ಒದ್ದೆಯದನ್ನೇ ಸುತ್ತಿ ಸುತ್ತಿ ಚರ್ಮ ಹುಣ್ಣಾಗಿ ಕೀವು ತುಂಬಿತು. ಜ್ವರ ಏರಿದಾಗ ಅಪ್ಪಯ್ಯ ಜೀಪಿನಲ್ಲಿ ಮೂಡಿಗೆರೆಗೆ ಕರೆದೊಯ್ದರು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ನಾನು ಡಾಕ್ಟರುಗಳ ಬಿಳಿ ಕೋಟಿಗೂ ಸೇರಿಸಿದ್ದೆ. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಕಾಯಿಲೆ ಅವರ ಹೆಂಡತಿಗಿಂತ ಮೊದಲು ಊರಿಗೇ ಗೊತ್ತಾಗಿತ್ತು. ಕ್ಲಬ್ಬಿನಲ್ಲಿ ಪ್ಲಾಂಟರುಗಳ ಜೊತೆ ಇಸ್ಪೀಟು ಆಡುವ ಡಾಕ್ಟರ ಬಾಯಿಗೆ ಬೀಗವೆಲ್ಲಿ?

ಡಾಕ್ಟರಮ್ಮ ಅಪ್ಪಯ್ಯನನ್ನು ಹೊರಗೆ ಕೂರಿಸಿದರು. ಬ್ಯಾಂಡೇಜು ಯಾಕೆಂದು ಕೇಳಲೇ ಇಲ್ಲ. ಕೇಳದೇ ಇದ್ದದ್ದೇ ನನಗೆ ಅನುಮಾನ. "ಒದ್ದೇದು ಕಟ್ಬೇಡ. ಮಲಗುವಾಗ ಬಿಚ್ಚಿಡು" ಎಂದಷ್ಟೇ ಹೇಳಿ ಹುಣ್ಣು ತೊಳೆದರು. ಕಡೆಗೆ, ನಾನು ಗಂಡಸೆಂದು ನಾನೇ ಬಾಯಿಬಿಟ್ಟೆ. ಬಿಟ್ಟ ಮೇಲೆ, ಕೆಟ್ಟೆ ಅನಿಸಿತು.

ಹೊರಗೆ ಬಂದಾಗ ಅಪ್ಪಯ್ಯ, "ವಸ್ತಾರೆಯಿಂದ ಸಂಬಂಧ ಬಂದಿದೆ ಡಾಕ್ಟ್ರಮ್ಮ. ಮದುವೆಗೆ ಏನೂ ತೊಂದ್ರೆ ಇಲ್ಲ ಅಂತ ಅವ್ರಿಗೆ ನೀವೊಂದು ಮಾತು ಹೇಳ್ಬೇಕು" ಎಂದರು. ನಾನು ಡಾಕ್ಟರಮ್ಮನ ಬಾಯನ್ನೇ ನೋಡಿದೆ.

"ಆ ಮಾತು ನಾನು ಯಾರ ಬಗ್ಗೇನೂ ಹೇಳೋಲ್ಲ ಗೌಡ್ರೇ. ಮದುವೆ ಆಗೋರನ್ನೇ ಕೇಳಿ."

ಡಾಕ್ಟರ ಮಾತಿಲ್ಲವೆಂದು ಸಂಬಂಧ ಮುರಿಯಿತು. ನಮ್ಮ ಜೀಪು ಮತ್ತೆ ಆ ಕಡೆ ಹೋಗಲಿಲ್ಲ. ಸುತ್ತಲಿನ ದೊಡ್ಡ ಮನೆಗಳೂ ಡಾಕ್ಟರಮ್ಮನನ್ನು ಕರೆಯುವುದು ಬಿಟ್ಟವು. ಇಷ್ಟೆಲ್ಲ ಕಳೆದುಕೊಂಡು ಇವರಿಗೇನು ಲಾಭ ಎಂದು ನಾನು ಯೋಚಿಸುತ್ತಲೇ ಇದ್ದೆ.

ಒಮ್ಮೆ ಒಬ್ಬನೇ ಬಸ್ಸಿನಲ್ಲಿ ಹೋಗಿ, ಗಡ್ಡ ಬರುವ ಇಂಜೆಕ್ಷನ್ ಕೊಡಿ ಎಂದೆ.

"ನಂಗದು ಗೊತ್ತಿಲ್ಲ ಮಾರಾಯ. ಗೊತ್ತಿಲ್ಲದ್ದನ್ನ ನಿನ್ನ ಮೈಮೇಲೆ ಕಲಿಯೋಲ್ಲ. ಗೊತ್ತಿರೋರನ್ನ ಹುಡುಕ್ತೀನಿ."

ನಯವಾಗಿ ಜಾರಿಕೊಂಡರು ಎಂದುಕೊಂಡೆ. ಸಿಟ್ಟಿನಲ್ಲಿ ಊರು ಬಿಟ್ಟೆ. ದೂರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಡಾಕ್ಟರುಗಳು ಎಲ್ಲ ಗೊತ್ತೆಂದರು. ನನ್ನನ್ನೊಂದು ಮಾತೂ ಕೇಳದೆ ಪರದೆ ಸರಿಸಿ, ಕಲಿಯುವ ಹುಡುಗರನ್ನೆಲ್ಲ ಕರೆದು ನನ್ನ ಮೈ ತೋರಿಸಿದರು. ಇಂಜೆಕ್ಷನ್ ಯಾವುದೆಂದು ಕೇಳಿದರೆ, "ನಿನಗ್ಯಾಕೆ ಅದೆಲ್ಲ?" ಅಂಗಿ ಹಾಕಿಕೊಂಡು ಎದ್ದು ಬಂದೆ. ಮೆಟ್ಟಿಲ ಮೇಲೆ ಕೂತು ಅತ್ತೆ. ಮೂಡಿಗೆರೆಯ ಆ ಮಾತಿನ ತೂಕ ಅಲ್ಲಿ ತಿಳಿಯಿತು.

ಮರಳಿ ಹೋದಾಗ ಡಾಕ್ಟರಮ್ಮ ನಿಜಕ್ಕೂ ಹುಡುಕಿಟ್ಟಿದ್ದರು, ಬೆಂಗಳೂರಿನಲ್ಲಿ ಬಲ್ಲವರೊಬ್ಬರನ್ನು. ಅವರು ಒಳಿತು ಕೆಡುಕು ಎರಡನ್ನೂ ಬಿಡಿಸಿ ಹೇಳಿ, ನಾನು ಹೂಂ ಎಂದ ಮೇಲೆಯೇ ಶುರುಮಾಡಿದರು.

ಗಂಟಲು ಒಡೆದು ದನಿ ದಪ್ಪವಾದ ಮೇಲೆ, ಕೇಳಿಸಿ ಬರೋಣವೆಂದು ಮೂಡಿಗೆರೆಗೆ ಹೋದೆ. ಕ್ಲಿನಿಕ್ಕಿದ್ದಲ್ಲಿ ಮೊಬೈಲ್ ಅಂಗಡಿ. ಡಾಕ್ಟರಮ್ಮ ತೀರಿಹೋಗಿ ತಿಂಗಳುಗಳೇ ಆಗಿದ್ದವು...

ಡಾಕ್ಟರುಗಳೆಂದರೆ ನನಗೆ ಇವತ್ತಿಗೂ ಅನುಮಾನವೇ. ಅನುಮಾನವಿಲ್ಲದೆ ಮಾತಾಡಬಹುದಾಗಿದ್ದವರು ಒಬ್ಬರೇ. ಅವರು ನನ್ನ ಈ ದನಿ ಕೇಳದೆಯೇ ಹೋದರು.