ಅಳಿಸಬಹುದಾದ ಗುರುತು

ಲಂಡನ್ನಿನ ಕ್ರೋಯ್ಡನ್‌ನ ನಮ್ಮ ಆಫೀಸಿನಲ್ಲಿ ಅಕ್ಕನಿಗೆ ದಿನಕ್ಕೆ ನಾಲ್ಕೈದು ಸಲ ಸಾಲ ಸಿಗುತ್ತಿತ್ತು. ಅಷ್ಟೇ ಸಲ ಸಿಗದೆಯೂ ಹೋಗುತ್ತಿತ್ತು. ಸಂಜೆ ನಾನು ಟ್ರಾಮ್ ಹತ್ತಿ ಕೂರುವ ಹೊತ್ತಿಗೆ ಟೂಟಿಂಗ್‌ನಿಂದ ಅವಳ ಫೋನ್ ಬರುತ್ತಿತ್ತು, ನಮ್ಮ ಕುಂದಾಪುರದ ಮಾತಿನಲ್ಲಿ. "ಇವತ್ತಾರೂ ಕೊಟ್ರಾ ಹೆಣೆ, ಇಲ್ಲೆ ಅಂದ್ರಾ?"

ವಿಷಯ ಇಷ್ಟೇ. ನಾನು ಕೆಲಸ ಮಾಡುತ್ತಿದ್ದ ಬ್ಯಾಂಕಿನ ಶಾಖೆಗಳಲ್ಲಿ ಸಾಲದ ಅರ್ಜಿ ತುಂಬುವ ಸಾಫ್ಟ್‌ವೇರ್ ಮುದಿಯಾಗಿತ್ತು. ಕೂತಲ್ಲೇ ಫೋನಿನಲ್ಲಿ ಸಾಲ ಸಿಗುವ ಕಾಲ ಇನ್ನೂ ಪೂರ್ತಿ ಬಂದಿರಲಿಲ್ಲ. ಜನ ಶಾಖೆಗೆ ಬಂದು, ಕುರ್ಚಿ ಎಳೆದು ಕೂತು, ಮಾನಿಟರಿನ ಬೆನ್ನು ನೋಡುತ್ತ ಕಾಯುತ್ತಿದ್ದರು. ಆ ಕಡೆ ಕೂತವರು ಒಮ್ಮೆ ಕೇಳಿದ್ದನ್ನೇ ಇನ್ನೊಂದು ಸ್ಕ್ರೀನಿನಲ್ಲಿ ಮತ್ತೆ ಕೇಳಿ, ಕ್ಷಮೆ ಬೇಡುತ್ತಿದ್ದರು. ಅದನ್ನು ಹೊಸದಾಗಿ ಕಟ್ಟುವ ತಂಡದಲ್ಲಿ ನಾನಿದ್ದೆ. ಯಾವ ಸ್ಕ್ರೀನಿನಲ್ಲಿ ಏನು ಕೇಳಬೇಕು, ಯಾವ ಮಾತಿನಲ್ಲಿ ಕೇಳಬೇಕು ಎನ್ನುವುದು ನನ್ನ ಕೆಲಸ. ಕಟ್ಟಿದ್ದನ್ನು ಪರೀಕ್ಷೆ ಮಾಡಲು ಸುಳ್ಳು ಗಿರಾಕಿಗಳು ಬೇಕಲ್ಲ, ಉಳಿದವರು ಕಾರ್ಟೂನ್ ಪಾತ್ರಗಳನ್ನೂ ಫುಟ್‌ಬಾಲ್ ಆಟಗಾರರನ್ನೂ ಗಿರಾಕಿ ಮಾಡಿಕೊಂಡರು. ನಾನು ಅಕ್ಕನನ್ನು ಕೇಳಿ ಅವಳನ್ನೇ ಮಾಡಿಕೊಂಡೆ. ಹೆಸರು, ಹುಟ್ಟಿದ ದಿನ, ಶಾಲೆಯ ಅಡುಗೆಮನೆಯ ಕೆಲಸ, ಎಲ್ಲ ಅವಳದ್ದೇ.

ಅವಳಿಗೆ ಅದೊಂದು ಆಟವಾಯಿತು. ಸಾಲ ಯಾತಕ್ಕೆ ಎಂಬ ಕಾಲಂಗೆ ದಿನಕ್ಕೊಂದು ಕಾರಣ ಕೊಡುತ್ತಿದ್ದಳು. ಒಂದು ದಿನ ಸ್ಟ್ಯಾನ್ಮೋರ್‌ನಲ್ಲಿ ಡಾಕ್ಟರುಗಳ ಬೀದಿಯಲ್ಲಿ ಮನೆ ಕೊಳ್ಳಲು, ಮತ್ತೊಂದು ದಿನ ಭಾವನಿಗೆ ಹೊಸ ಹಲ್ಲು ಕಟ್ಟಿಸಲು. ಭಾವ ಟೂಟಿಂಗ್‌ನ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಕುಂದಾಪುರದಿಂದ ಮೊದಲು ಬಂದವರು ಅವರಿಬ್ಬರು, ಅಂಗಡಿಯೊಂದರ ಮೇಲಿನ ಫ್ಲಾಟಿನಲ್ಲಿ ಇದ್ದವರು. ಅವರಿಗೆ ಮಕ್ಕಳಿಲ್ಲ. ಅಮ್ಮ ತೀರಿಕೊಂಡಾಗ ನಾನಿನ್ನೂ ಲಂಗದ ಹುಡುಗಿ. ಅಲ್ಲಿಂದಾಚೆ ನನ್ನ ಜಡೆ ಹೆಣೆದದ್ದು, ಬೈದದ್ದು, ಕಡೆಗೆ ಲಂಡನ್ನಿಗೆ ಕರೆಸಿಕೊಂಡದ್ದು ಎಲ್ಲ ಅಕ್ಕನೇ. ನನಗೆ ತಾಯಿಯೆಂದರೆ ಅವಳು. ಅವಳ ಎದುರು ಹೇಳಿದ್ದರೆ "ಸಾಕ್ ನಿನ್ ನಾಟಕ" ಅನ್ನುತ್ತಿದ್ದಳು.

ಅದೇ ವರ್ಷ ಅವಳಿಗೆ ಹೊಟ್ಟೆನೋವು ಶುರುವಾಯಿತು. ಮಾತ್ರೆ, ಸ್ಕ್ಯಾನ್, ಮತ್ತೆ ಸ್ಕ್ಯಾನ್. ಆಮೇಲೆ ಟೂಟಿಂಗ್‌ನ ಆಸ್ಪತ್ರೆಯಲ್ಲಿ ಡಾಕ್ಟರು ಕುರ್ಚಿಯನ್ನು ನಮ್ಮ ಹತ್ತಿರಕ್ಕೆ ಎಳೆದುಕೊಂಡು ಕೂತರು. ಅವರು ಹಾಗೆ ಕೂತಾಗಲೇ ನನಗೆ ಅರ್ಥವಾಯಿತು. ಭಾವನಿಗೆ ಆಗಲಿಲ್ಲ, ಅವರು ಊಟಕ್ಕೆ ಏನು ಕೊಡಬಹುದು ಎಂದು ಕೇಳಿದರು.

ಅಕ್ಕ ವಾರ್ಡು ಸೇರಿದ ಮೇಲೂ ನನಗೆ ಆಫೀಸು ಬಿಡುವಂತಿರಲಿಲ್ಲ. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಅವಳ ಅರ್ಜಿ ತೆರೆದೆ. ಹೆಸರಿನ ಪಕ್ಕ ಬೂದು ಬಣ್ಣದ ಪಟ್ಟಿ ಬಂದಿತ್ತು. ಗಿರಾಕಿ ಮೃತಪಟ್ಟಿದ್ದಾರೆ ಎಂದು ಬರೆದಿತ್ತು.

ಫೋನ್ ಎತ್ತಿಕೊಂಡು ಲಿಫ್ಟಿನ ಕಡೆ ಓಡಿ ಭಾವನಿಗೆ ಕರೆ ಮಾಡಿದೆ. ಅಕ್ಕ ಮೊಸರನ್ನ ತಿನ್ನುತ್ತಿದ್ದಾಳೆ ಅಂದರು. ವಾಪಸು ಬಂದು ಇಡೀ ಸಾಲಿಗೆ ಕೇಳುವಂತೆ ಕೂಗಾಡಿದೆ. ನನ್ನ ಎದುರಿನ ಮೇಜಿನ ಹುಡುಗಿ ಎದ್ದು ನಿಂತಳು, ಪರೀಕ್ಷೆ ಮಾಡುವುದು ಅವಳ ಕೆಲಸ. ಅರ್ಜಿ ಅರ್ಧದಲ್ಲಿರುವಾಗ ಗಿರಾಕಿ ಸತ್ತರೆ ಏನಾಗುತ್ತದೆ ಎಂದು ಅವಳು ನೋಡಬೇಕಿತ್ತಂತೆ. ಪಟ್ಟಿಯಲ್ಲಿ ಸಿಕ್ಕ ಒಂದು ಹೆಸರಿಗೆ ಗುರುತು ಹಾಕಿದ್ದಳು, ಅಷ್ಟೇ. ಅದು ನನ್ನ ಅಕ್ಕ, ಜೀವಂತ ಮನುಷ್ಯಳು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಪಾಪ, ಅತ್ತುಬಿಟ್ಟಳು.

"ತೆಗೆದುಬಿಡು," ಅಂದೆ.

"ತೆಗೆಯಲು ಬರುವುದಿಲ್ಲ. ಈ ಗುರುತಿಗೆ ವಾಪಸು ದಾರಿ ಇಟ್ಟಿಲ್ಲ," ಅಂದಳು.

ನಮ್ಮ ಮನೆಯಲ್ಲಿ ಮುಸ್ಸಂಜೆ ಹೊತ್ತು ಕೆಟ್ಟ ಮಾತು ಆಡಗೊಡುತ್ತಿರಲಿಲ್ಲ, ಅಸ್ತು ದೇವತೆಗಳು ಮೇಲೆ ಓಡಾಡುತ್ತಿರುತ್ತಾರೆ, ಅಸ್ತು ಅಂದುಬಿಡುತ್ತಾರೆ ಎಂದು. ಓದಿದವಳು, ಕಂಪ್ಯೂಟರಿನಲ್ಲಿ ಅನ್ನ ಹುಟ್ಟಿಸಿಕೊಂಡವಳು, ನನಗೆ ಆ ಹೊತ್ತಿನಲ್ಲಿ ಅದೇ ನೆನಪಾಯಿತು. ಕೆಲಸ ಅಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೋದೆ.

ಅಕ್ಕನ ಮುಂದೆ ಯಾವುದನ್ನೂ ಮುಚ್ಚಿಡುವುದು ನನಗೆ ಬರುವುದಿಲ್ಲ. ನನ್ನ ಮುಖ ನೋಡಿಯೇ ಕೇಳಿದಳು, ಹೇಳಿಬಿಟ್ಟೆ. ಹೇಳುತ್ತಲೇ ಅತ್ತೆ. ಅವಳು ನಕ್ಕಳು. ನಕ್ಕರೆ ನೋಯುತ್ತಿತ್ತು, ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡೇ ನಕ್ಕಳು.

"ಒಳ್ಳೆದೇ ಆಯ್ತಲ್ಲ ಮಾರಾಯ್ತಿ. ಊರಲ್ಲ್ ಕಾಗೆ ಮುಟ್ರೆ ಸತ್ತ್ ಸುದ್ದಿ ಕಳ್ಸ್ತಿದ್ರಲ್ಲ, ಹಾಂಗೇ. ನಂಗ್ ಆಯಸ್ಸ್ ಗಟ್ಟಿ ಆಯ್ತ್, ಕಾಣ್."

ಆ ಪದ್ಧತಿ ನಮ್ಮ ಮನೆಯಲ್ಲೇ ನಡೆದದ್ದು ನನಗೆ ನೆನಪಿದೆ. ದೊಡ್ಡಮ್ಮನ ತಲೆಗೆ ಅಂಗಳದಲ್ಲಿ ಕಾಗೆ ಬಡಿದಿತ್ತು. ಅವಳು ಸತ್ತಳೆಂದು ಅವಳ ತವರಿಗೆ ಸುಳ್ಳು ಸುದ್ದಿ ಕಳಿಸಿದರು. ಅಲ್ಲಿನವರು ಎದೆ ಬಡಿದುಕೊಂಡು ಅತ್ತರೆ ಗಂಡಾಂತರ ಅಲ್ಲಿಗೆ ಕಳೆಯಿತು ಎಂದು ಲೆಕ್ಕ. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಹೋಗಿ, ಸುದ್ದಿ ಸುಳ್ಳು, ಹೆಂಗಸು ಗಟ್ಟಿಮುಟ್ಟಾಗಿದ್ದಾಳೆ ಎಂದು ಹೇಳಿದರು. ಅಳಿಸಿಯೂ ಆಯಿತು, ನಗಿಸಿಯೂ ಆಯಿತು. ದೊಡ್ಡಮ್ಮ ಅದಾದ ಮೇಲೆ ಎಷ್ಟೋ ವರ್ಷ ಬದುಕಿದಳು.

ಅಕ್ಕ ನಗು ನಿಲ್ಲಿಸಿ ನನ್ನ ಕೈ ಹಿಡಿದಳು. "ಆರೆ ಸುಳ್ಳ್ ಅಂದೇಳಿ ಹೇಳ್ಕ್ ಹೆಣೆ. ಅದನ್ನ್ ಹೇಳ್ದೆ ಬಿಡುಕಾಗ."

ತಮಾಷೆಗೆ ಅಂದಳೋ, ನಿಜಕ್ಕೂ ಹೆದರಿ ಅಂದಳೋ ನಾನು ಕೇಳಲಿಲ್ಲ. ಅವಳ ಕೈ ಬಿಸಿಯಾಗಿತ್ತು, ಹಿಡಿತ ಬಿಗಿಯಾಗಿತ್ತು. ಸುಳ್ಳೆಂದು ಹೇಳುವ ತನಕ ಆ ಸುದ್ದಿ ಅವಳ ತಲೆಯ ಮೇಲೆ ತೂಗುತ್ತಲೇ ಇರುತ್ತದೆ ಎಂದು ನನಗೆ ಅನ್ನಿಸಿಬಿಟ್ಟಿತು. ಗುರುತು ಅಳಿಸಿದರೆ ಅಕ್ಕ ಉಳಿಯುತ್ತಾಳೆ. ಈಗ ಬರೆಯುವಾಗ ನಾಚಿಕೆಯಾಗುವುದಿಲ್ಲ. ಹಿಡಿದುಕೊಳ್ಳಲು ನನಗೆ ಬೇರೇನಿತ್ತು?

ಹೊಸ ಗಿರಾಕಿಯನ್ನು ಸೃಷ್ಟಿಸಿಕೋ, ಹಳೆಯದನ್ನು ಬಿಟ್ಟುಬಿಡು ಎಂದರು ಮ್ಯಾನೇಜರ್. ಒಳ್ಳೆಯ ಮನುಷ್ಯ, ಆದರೆ ಶಾಖೆಗಳಿಗೆ ಹೊಸ ಸಾಫ್ಟ್‌ವೇರ್ ಹೋಗುವ ದಿನ ನಿಗದಿಯಾಗಿತ್ತು. ಬದುಕಿರುವವರನ್ನು ಸತ್ತವರೆಂದು ಗುರುತು ಹಾಕುವುದು ಎಲ್ಲಿ ನಡೆಯುತ್ತದೆ ಎಂದು ಕೇಳಿದರು. ಅಕ್ಕನ ಕಥೆ ಹೇಳಿದ್ದರೆ ಹೆಗಲು ತಟ್ಟಿ ರಜೆ ಕೊಡುತ್ತಿದ್ದರು. ನನಗೆ ರಜೆ ಬೇಕಿರಲಿಲ್ಲ, ಗುರುತು ಅಳಿಸುವ ದಾರಿ ಬೇಕಿತ್ತು. ಹಾಗಾಗಿ ಶಾಖೆಗಳಿಗೆ ಫೋನ್ ಹಚ್ಚಿದೆ. ನಡೆಯುತ್ತದೆ ಅಂದರು. ಒಂದು ಕಡೆ ತಂದೆಗೂ ಮಗನಿಗೂ ಒಂದೇ ಹೆಸರಂತೆ. ತಂದೆ ಸತ್ತಾಗ ಮಗನಿಗೆ ಗುರುತು ಬಿದ್ದು, ಅವನು ಪಾಸ್‌ಪೋರ್ಟು ಹಿಡಿದು ಶಾಖೆಗೆ ಅಲೆದನಂತೆ, ತಾನು ಇದ್ದೇನೆ ಎಂದು ತೋರಿಸಲು. ಎದುರಿಗೆ ಕೂತ ಮನುಷ್ಯನನ್ನು ನೋಡುತ್ತ ಹೆಡ್ ಆಫೀಸಿನ ಉತ್ತರಕ್ಕೆ ಕಾಯುವುದು ನಮಗೇ ಅವಮಾನ ಎಂದು ಶಾಖೆಯ ಹೆಂಗಸೊಬ್ಬಳು ಹೇಳಿದಳು. ಅವಳ ಮಾತನ್ನೇ ಮೀಟಿಂಗಿನಲ್ಲಿ ಓದಿದೆ. ಓದುತ್ತ ಎರಡು ಸಲ ತಡೆದು ನಿಂತೆ. ಶಾಖೆಯವರ ಮೇಲೆ ಇವಳಿಗೆ ಎಷ್ಟು ಕಾಳಜಿ ಎಂದು ಎಲ್ಲರೂ ಮೆಚ್ಚಿದರು. ಒಪ್ಪಿಗೆ ಸಿಕ್ಕಿತು.

ಅಲ್ಲಿ ಬರುವ ಮಾತುಗಳನ್ನು ನಾನೇ ಬರೆದೆ. ಗುರುತು ಹಾಕುವ ಮುನ್ನ ಸ್ಕ್ರೀನ್ ಕೇಳಬೇಕು: ಹೆಸರು ಮತ್ತು ಹುಟ್ಟಿದ ದಿನ ಸರಿಯಾಗಿದೆಯೇ ನೋಡಿ. ಕೆಳಗೆ ಚಿಕ್ಕ ಅಕ್ಷರದಲ್ಲಿ: ತಪ್ಪಾಗಿದ್ದರೆ ಈ ಗುರುತನ್ನು ನೀವೇ ತೆಗೆಯಬಹುದು. ಎರಡು ಸಾಲು. ಅಷ್ಟಕ್ಕೆ ನಾನು ಪಟ್ಟ ಪಾಡು ದೇವರಿಗೇ ಗೊತ್ತು.

ಅದು ಸಿದ್ಧವಾದ ಬೆಳಿಗ್ಗೆ ಎದುರು ಮೇಜಿನ ಹುಡುಗಿ ನನ್ನನ್ನು ಕರೆದಳು. ತಾನು ಮಾಡದೆ ಮೌಸನ್ನು ನನ್ನ ಕೈಗೆ ಕೊಟ್ಟಳು. ಒತ್ತಿದೆ. ಬೂದು ಪಟ್ಟಿ ಹೋಯಿತು. ಅಕ್ಕನ ಹೆಸರು ಮೊದಲಿನ ಹಾಗೆ ಕಪ್ಪು ಅಕ್ಷರದಲ್ಲಿ ನಿಂತಿತು. ಅಷ್ಟು ದಿನದಲ್ಲಿ ನಾನು ಹೊಟ್ಟೆ ತುಂಬ ಉಂಡದ್ದು ಅವತ್ತೇ.

ಆಸ್ಪತ್ರೆಯಲ್ಲಿ ಅವಳಿಗೆ ನೋವಿನ ಔಷಧಿ ಹೆಚ್ಚಿಸಿದ್ದರು. ಕಣ್ಣು ಅರ್ಧ ತೆರೆದಿತ್ತು. ಕಿವಿಯ ಹತ್ತಿರ ಬಗ್ಗಿ, "ಅಕ್ಕಾ, ಸುಳ್ಳ್ ಅಂದೇಳಿ ಹೇಳ್ದೆ," ಅಂದೆ. ತುಟಿ ಅಲುಗಿತು. "ಯಾರಿಗೆ?" ಅಂದಳು. ಅಷ್ಟು ಹೊತ್ತಿಗೆ ಅವಳಿಗೆ ಆ ಸಂಗತಿಯೇ ಮರೆತುಹೋಗಿತ್ತು. ಎಲ್ಲರಿಗೂ ಅಂದೆ. ತಲೆ ಆಡಿಸಿ ನಿದ್ದೆಹೋದಳು. ಅದರ ಮುಂದಿನ ವಾರ, ಭಾವ ತಣ್ಣೀರಿನಲ್ಲಿ ಬಟ್ಟೆ ಅದ್ದಿ ಅವಳ ಹಣೆ ಒರೆಸುತ್ತಿದ್ದಾಗ ಹೋದಳು. ನಾನು ಟ್ರೇನಿನಲ್ಲಿದ್ದೆ.

ಅಸ್ತು ದೇವತೆಗಳ ಮೇಲೆ ಸಿಟ್ಟು ಬರಲಿಲ್ಲ. ನನ್ನ ಮೇಲೆ ಬಂತು. ಇದ್ದ ನಾಲ್ಕು ದಿನ ಅವಳ ಪಕ್ಕ ಕೂರುವುದು ಬಿಟ್ಟು ಕ್ರೋಯ್ಡನ್‌ನಲ್ಲಿ ಅವಳ ಹೆಸರಿನ ಜೊತೆ ಕೂತಿದ್ದೆ. ಈ ಸಂಕಟ ಇಂದಿಗೂ ಹೋಗಿಲ್ಲ, ಹೋಗುವುದೂ ಇಲ್ಲ.

ಹೊಸ ಸಾಫ್ಟ್‌ವೇರ್ ಶಾಖೆಗಳಿಗೆ ಹೋಯಿತು. ಅಕ್ಕ ಇದ್ದಾಗಲೇ ಭಾವ ಊಟದ ಆರ್ಡರುಗಳನ್ನು ಒಯ್ಯಲು ವ್ಯಾನ್ ಕೊಂಡಿದ್ದರು. ಅದರ ಸಾಲ ನಮ್ಮ ಬ್ಯಾಂಕಿನದೇ, ಇಬ್ಬರ ಹೆಸರಿನಲ್ಲಿ. ಅಕ್ಕನ ಹೆಸರು ತೆಗೆಸಬೇಕಿತ್ತು, ಅದಕ್ಕೆ ಮೊದಲು ಮೃತಪಟ್ಟ ಗುರುತು ಹಾಕಿಸಬೇಕಿತ್ತು. ಭಾವ ಒಬ್ಬರನ್ನೇ ಕಳಿಸಲು ಮನಸ್ಸಾಗದೆ ಜೊತೆಗೆ ಹೋದೆ. ಶಾಖೆಯ ಹುಡುಗಿಗೆ ನಾನು ಯಾರೆಂದು ಹೇಳಲಿಲ್ಲ. ಅವಳು ಮಾನಿಟರನ್ನು ನಮ್ಮ ಕಡೆ ತಿರುಗಿಸಿದಳು, ಗಿರಾಕಿಗೂ ಕಾಣಲಿ ಎಂದು ನಾವೇ ಹಾಗೆ ಹೇಳಿಕೊಟ್ಟಿದ್ದೆವು. ನಾನು ಬರೆದ ಸಾಲುಗಳು ನನ್ನ ಕಣ್ಣೆದುರು ಬಂದವು.

ಹುಡುಗಿ ಅಕ್ಕನ ಹೆಸರನ್ನು ತನಗೆ ಬಂದ ಹಾಗೆ ಮೆಲ್ಲಗೆ ಓದಿದಳು, ಹುಟ್ಟಿದ ದಿನ ಓದಿದಳು. ಭಾವ ಮೇಜಿನ ಅಂಚು ಹಿಡಿದುಕೊಂಡದ್ದು ನೋಡಿ, ಗಾಬರಿಯಾಗಬೇಡಿ, ಏನಾದರೂ ತಪ್ಪಾಗಿದ್ದರೆ ಈ ಗುರುತನ್ನು ಈಗ ನಾವೇ ಇಲ್ಲಿಂದ ತೆಗೆಯಬಹುದು ಅಂದಳು. ಸಮಾಧಾನಕ್ಕೆ ಅಂದದ್ದು.

ಭಾವ ನನ್ನ ಕಡೆ ತಿರುಗಿದರು. "ಎಂತ ಹೇಳ್ತ್ರ್ ಅವ್ರ್? ತೆಗುಕೆ ಆತ್ತಂಬ್ರಾ?"

"ಇಲ್ಲೆ ಭಾವ. ಅದ್ ತಪ್ಪ್ ಆಯಿದ್ರೆ ಮಾತ್ರ."

ಅವರು ಸ್ಕ್ರೀನನ್ನು ನೋಡಿದರು. ಅದರಲ್ಲಿ ಏನು ಬರೆದಿದೆ ಎಂದು ಓದಲು ಕನ್ನಡಕ ತಂದಿರಲಿಲ್ಲ.

"ಹಂಗಾರೆ ಇನ್ನೊಂದ್ ಸಲ ಸಮಾ ಕಾಣುಕೆ ಹೇಳ್," ಅಂದರು.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹುಡುಗಿ ಭಾವನ ಮುಖ ನೋಡಿದಳು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಅಕ್ಕನ ಹೆಸರನ್ನು ಮೊದಲಿನಿಂದ ಮತ್ತೆ ಓದಿದಳು. ಎಲ್ಲ ಸರಿಯಾಗಿಯೇ ಇತ್ತು.