ಹೊರಗೆ ಕೂತವಳ ಮಂಡಿ

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಜರ್ಸಿ ಸಿಟಿಯ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಮುರಿದ ಮೂಳೆ ಕೂಡಿದ ಮೇಲೆ ಬಿಗಿದುಕೊಂಡ ಕೈಕಾಲು ಮಡಚಿಸುವುದು ನನ್ನ ಕೆಲಸ. ರೋಗಿಗಳು ಬೈಯುತ್ತಿದ್ದರು, ನಾನೂ ಬೈಯುತ್ತಿದ್ದೆ. ಕೆಲಸ ಆಗುತ್ತಿತ್ತು.

ನಮ್ಮ ಬೀದಿಯಲ್ಲೇ ಮೈಸೂರಿನ ಒಂದು ಸಂಸಾರವಿತ್ತು: ಗಂಡ, ಹೆಂಡತಿ, ಗಂಡನ ತಂದೆ. ಆ ಚಳಿಗಾಲ ಹೆಂಡತಿ ಐಸ್ ಮೇಲೆ ಜಾರಿ ಮಂಡಿ ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದಾಗ ಕಾಲು ಒನಕೆಯ ಹಾಗೆ ನೆಟ್ಟಗೆ ನಿಂತಿತ್ತು. ಆಸ್ಪತ್ರೆಗೆ ಬಂದು ಮಡಚಿಸಿಕೊಳ್ಳದಿದ್ದರೆ ಜೀವಮಾನವಿಡೀ ಹಾಗೇ ಉಳಿಯುತ್ತದೆ ಎಂದರು ಡಾಕ್ಟರು. ಅವಳಿಗೆ ಇಪ್ಪತ್ತೊಂಬತ್ತು ವರ್ಷ.

ಮಾವನವರು ಬೇಡವೆಂದರು. ಊರಿನಲ್ಲಿ ವೇದಪಾಠಶಾಲೆಯ ಮೇಷ್ಟರಾಗಿದ್ದವರು, ಮಡಿಯಿಲ್ಲದೆ ತೊಟ್ಟು ನೀರು ಕುಡಿಯುವವರಲ್ಲ. ಆಸ್ಪತ್ರೆಯಲ್ಲಿ ಗಂಡಸರೂ ಈ ಕೆಲಸ ಮಾಡುತ್ತಾರೆಂದು ಯಾರೋ ಅವರ ಕಿವಿಗೆ ಹಾಕಿದ್ದರು. "ಪರಪುರುಷ ನಮ್ಮನೆ ಸೊಸೆ ಕಾಲು ಹಿಡಿಯೋದಾ? ಶಾಸ್ತ್ರ ಒಪ್ಪಲ್ಲ." ಹೆಂಗಸು ನಾನಿದ್ದೇನಲ್ಲ, ನಾನೇ ಮಾಡುತ್ತೇನೆ ಎಂದೆ. ಗಂಡಸರ ಕಣ್ಣೆದುರು ಕಾಲು ಚಾಚಿ ಮಲಗಬೇಕಲ್ಲ, ಅದೂ ಆಗದಂತೆ. ಕೊನೆಗೆ ಸಂಜೆ ಕೆಲಸ ಮುಗಿಸಿ ನಾನೇ ಅವರ ಮನೆಗೆ ಹೋಗುವುದೆಂದಾಯಿತು.

ಅಲ್ಲೂ ನೂರೆಂಟು ತಕರಾರು. ಸಂಜೆಯ ಪೂಜೆ ಮುಗಿಯುವ ತನಕ ಕಾಯಬೇಕು, ಏಕಾದಶಿ ಇಲ್ಲ, ಅಮಾವಾಸ್ಯೆ ಇಲ್ಲ. ತಿಂಗಳಿಗೆ ಮೂರು ದಿನ ಅವಳು ಹೊರಗೆ: ಹಿಂಬಾಗಿಲ ಪಕ್ಕದ ಸಣ್ಣ ಕೋಣೆ, ಒಂದು ಚಾಪೆ. ಮೊದಲ ತಿಂಗಳು "ಇವತ್ತು ಮುಟ್ಬೇಡಿ, ಹೊರಗಾಗಿದೀನಿ" ಎಂದಳು. ನಾನು ತಟ್ಟನೆ ಹಿಂದೆ ಸರಿದೆ! ಆಸ್ಪತ್ರೆಯಲ್ಲಿ ದಿನಕ್ಕೆ ಹತ್ತು ಹೆಂಗಸರನ್ನು ಮುಟ್ಟುವವಳು, ಒಬ್ಬಳನ್ನೂ ಆ ಮಾತು ಕೇಳಿದವಳಲ್ಲ. ಅಮ್ಮ ಕಲಿಸಿದ್ದು ಮೈಯಲ್ಲೇ ಕೂತಿತ್ತು. ಮೂರು ದಿನ ಅತ್ತ ಹೋಗಲಿಲ್ಲ. ನಾಲ್ಕನೆಯ ದಿನ ನೋಡಿದರೆ, ಮಡಚಲು ಬಂದಿದ್ದ ಅಷ್ಟಿಷ್ಟೂ ಹೋಗಿ ಮಂಡಿ ಮತ್ತೆ ಬಿಗಿದಿತ್ತು. ನನ್ನ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಅಳುತ್ತಿದ್ದವಳನ್ನೇ ಗದರಿಬಿಟ್ಟೆ.

ಮುಂದಿನ ತಿಂಗಳು ಅವಳೇ ಆಸ್ಪತ್ರೆಗೆ ಬಂದಳು. ಒಬ್ಬಳೇ, ಬಸ್ಸಿನಲ್ಲಿ, ಊರುಗೋಲು ಹಿಡಿದು.

"ಏನೇ ಇದು? ಮಾವ ಬಿಟ್ರಾ?"

"ಹೊರಗಾಗಿದೀನಲ್ಲ. ಅಡುಗೆ ಇಲ್ಲ, ದೇವರಿಗೆ ಹೂವು ಕಟ್ಟೋ ಹಾಗಿಲ್ಲ. ಈ ಮೂರು ದಿನ ಮಾವ ಆ ಕೋಣೆ ಕಡೆ ತಿರುಗಿಯೂ ನೋಡಲ್ಲ. ಒಳಗೆ ಇದೀನೋ ಇಲ್ವೋ, ಯಾರಿಗೆ ಗೊತ್ತು?"

ಅಬ್ಬಾ, ಹುಡುಗಿಯೇ! ಅವತ್ತು ಚೆನ್ನಾಗಿಯೇ ಮಡಚಿಸಿದೆ. ಕಿರುಚಿದಳು. ಪಕ್ಕದಲ್ಲಿ ನಮ್ಮ ಗಂಡು ಥೆರಪಿಸ್ಟ್ ನಿಂತಿದ್ದ. "ಅವರಿಗೂ ಸ್ವಲ್ಪ ಹಿಡ್ಕೊಳ್ಳೋಕೆ ಹೇಳಿ" ಎಂದು ಅವಳೇ ಅಂದಳು.

ಆಮೇಲೆ ಹದಿನೈದು ದಿನಕ್ಕೇ ಮತ್ತೆ ಹೊರಗಾದಳು. ಆಮೇಲೆ ವಾರಕ್ಕೊಮ್ಮೆ. ಸೊಸೆಯನ್ನು ಆ ವಿಷಯ ಕೇಳುವ ಬಾಯಿ ಮಾವನವರಿಗಿರಲಿಲ್ಲ, ತಾವೇ ಅನ್ನ ಬೇಯಿಸಿಕೊಂಡು ಉಂಡರು. ಗಂಡ ಬೆಳಿಗ್ಗೆ ಹೋಗಿ ರಾತ್ರಿ ಬರುವವನು, ಏನೂ ಕೇಳಲಿಲ್ಲ. ಹೆದರಿದ್ದವಳು ಅವಳೊಬ್ಬಳೇ. "ದೇವರ ವಿಷಯದಲ್ಲಿ ಸುಳ್ಳು ಹೇಳ್ತಿದೀನಿ, ಪಾಪ ಅಲ್ವಾ?" ಎಂದು ಕೇಳುತ್ತಲೇ ಕಾಲು ಚಾಚುತ್ತಿದ್ದಳು. "ಆ ಪಾಪ ನನಗಿರಲಿ, ನೀನು ಮಡಚು" ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಭಯವಿತ್ತು.

ಮರಗಳು ಚಿಗುರುವ ಹೊತ್ತಿಗೆ ಮಾವನವರೇ ಗಾಬರಿಯಾದರು. ಒಂದು ಭಾನುವಾರ, ನಾನು ಅಲ್ಲಿದ್ದಾಗಲೇ, ಮಗನನ್ನು ಕರೆದು ತಲೆ ತಗ್ಗಿಸಿಕೊಂಡು ಹೇಳಿದರು: "ವಾರಕ್ಕೊಂದು ಸಲ ಹೊರಗಾಗ್ತಾಳೆ. ಏನೋ ದೊಡ್ಡ ಕಾಯಿಲೆ ಕಣೋ. ನಾಳೇನೇ ಡಾಕ್ಟರಿಗೆ ತೋರಿಸು. ಗಂಡಸಾದ್ರೂ ಪರವಾಗಿಲ್ಲ, ಜೀವ ಮುಖ್ಯ."

ಅವರ ಕಣ್ಣು ತುಂಬಿತ್ತು. ಇಷ್ಟು ದಿನ ಅವರನ್ನು ಮನಸಾರೆ ಶಪಿಸಿದ್ದ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಅವಳು ಕೋಣೆಯಿಂದ ಎದ್ದು ಬಂದಳು. ನಡುಮನೆಯಲ್ಲಿ, ಮಾವನವರ ಎದುರೇ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮಂಡಿ ಮಡಚಿತು.

"ಕಾಯಿಲೆ ಇಲ್ಲ ಮಾವ. ಕಾಲು ಬೇಕಿತ್ತು, ಅದಕ್ಕೇ ಸುಳ್ಳು ಹೇಳ್ದೆ. ಆಸ್ಪತ್ರೆಗೆ ಹೋಗ್ತಿದ್ದೆ."

ಮಾವನವರು ಆ ಕಾಲನ್ನೇ ನೋಡುತ್ತ ನಿಂತರು. ಬಾಯಿ ಬಿಟ್ಟವನು ಗಂಡ: "ನನಗಾದ್ರೂ ಹೇಳಬಾರದಿತ್ತಾ?"

"ಮಾವ ಬೇಡ ಅಂದ ದಿನ ನೀವು ಇಲ್ಲೇ ಕೂತಿದ್ರಿ," ಎಂದಳು ಅವಳು. "ನಾನು ನಿಮ್ಮ ಮುಖಾನೇ ನೋಡ್ತಿದ್ದೆ. ನೀವು ಪೇಪರ್ ಓದ್ತಿದ್ರಿ."